ಎಡಗಾಲು ಬಲಗಾಲಾಗಿ ದಾಖಲಾದ ಬಗ್ಗೆ

ಇವರಿಂದ: ಕಮಲಾಬಾಯಿ, ನಿವೃತ್ತ ತಂತ್ರಜ್ಞೆ, ಚಿತ್ತಾಪುರ.

ಇವರಿಗೆ: ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನರಗಳ ಯಂತ್ರದ ಮುಂದೆ ಹೊಸದಾಗಿ ಕೂರಲಿರುವ ಎಲ್ಲ ತಂತ್ರಜ್ಞರಿಗೆ.

ವಿಷಯ: ಬೆನ್ನುಹುರಿಯ ಗಡ್ಡೆ ತೆಗೆಯುವಾಗ ನರಗಳನ್ನು ಕಾಯುವ ಕೆಲಸ ಹಾಗೂ ಅದರಲ್ಲಿ ನನ್ನಿಂದಾದ ಒಂದು ತಪ್ಪಿನ ಕುರಿತು.

ಉಲ್ಲೇಖ: ನನ್ನ ನೆನಪು. ಬೇರೆ ಆದೇಶ ಅಥವಾ ಸುತ್ತೋಲೆ ಇರುವುದಿಲ್ಲ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ನಾನು ಸೇವೆ ಸಲ್ಲಿಸಿದ ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವ ಅಗತ್ಯ ಕಂಡುಬಂದಿರುವುದಿಲ್ಲ. ಚಿತ್ತಾಪುರದಲ್ಲಿ ರೈಲು ಹತ್ತಿ, ವಾಡಿ ಮತ್ತು ಶಹಾಬಾದ ದಾಟಿ ಹೋಗಬೇಕಾಗಿತ್ತೆಂದು ತಿಳಿಸಿದರೆ ಸಾಕು. ನನಗೆ ದೊರೆತ ಬಡ್ತಿಗಳ ವಿವರ ಸೇವಾ ಪುಸ್ತಕದಲ್ಲಿದೆ. ಅದನ್ನು ನನ್ನ ಮನೆಯವರೇ ಓದಿಲ್ಲವಾದ್ದರಿಂದ ತಮ್ಮ ಮೇಲೆ ಹೇರುವುದಿಲ್ಲ.

ಮೊದಲನೆಯದಾಗಿ ಕೆಲಸದ ಸ್ವರೂಪ. ಬೆನ್ನೆಲುಬಿನೊಳಗಿನ ಬೆನ್ನುಹುರಿಯು ಕಿರುಬೆರಳಿನಷ್ಟು ದಪ್ಪವಿರುತ್ತದೆ. ಕಾಲಿಗೆ ಹೋಗುವ ಅಪ್ಪಣೆಗಳೆಲ್ಲ ಅದರ ಮೂಲಕವೇ ಹೋಗಬೇಕು. ಅಲ್ಲಿ ಗಡ್ಡೆ ಬೆಳೆದರೆ ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಅದನ್ನು ಬಿಡಿಸಿ ತೆಗೆಯುತ್ತಾರೆ. ಮಲಗಿರುವ ರೋಗಿಗೆ ಪ್ರಜ್ಞೆ ಇರುವುದಿಲ್ಲವಾದ್ದರಿಂದ ತನ್ನ ಕಾಲು ಹೋಗುತ್ತಿದೆ ಎಂದು ಆತ ಹೇಳಲಾರ. ಆತನ ಪರವಾಗಿ ಹೇಳುವವರು ನಾವು. ನೆತ್ತಿಯ ಚರ್ಮಕ್ಕೆ ಸಣ್ಣ ಸೂಜಿಗಳನ್ನು ಸಿಕ್ಕಿಸಿ ವಿದ್ಯುತ್ತಿನ ಒಂದು ಮಿಡಿತ ಕೊಡುತ್ತೇವೆ. ಕಾಲಿನ ಸ್ನಾಯುಗಳಲ್ಲಿರುವ ಸೂಜಿಗಳಿಂದ ಉತ್ತರ ಬಂದು ಪರದೆಯ ಮೇಲೆ ಅಲೆಯಾಗಿ ಕಾಣುತ್ತದೆ. ಅಲೆ ಇರುವವರೆಗೆ ದಾರಿ ತೆರೆದಿದೆ ಎಂದರ್ಥ. ಅಲೆ ಕುಗ್ಗಿದರೆ ಕೂಡಲೇ ತಜ್ಞರಿಗೆ ತಿಳಿಸಬೇಕು. ತಿಳಿಸುವುದೇ ನಮ್ಮ ಕೆಲಸ. ತಿಳಿಸುವುದು ಸುಲಭವೆಂದು ಯಾರೂ ಭಾವಿಸಬಾರದೆಂದು ಕೋರಿದೆ.

ಯಂತ್ರ ಬರುವುದಕ್ಕೆ ಮುಂಚೆ ಬೇರೆ ಪದ್ಧತಿ ಇತ್ತು. ಶಸ್ತ್ರಚಿಕಿತ್ಸೆಯ ನಡುವೆ ರೋಗಿಯನ್ನು ಅರ್ಧ ಎಚ್ಚರಗೊಳಿಸಿ, ಕಾಲು ಆಡಿಸುವಂತೆ ಕೂಗಿ ಹೇಳುವುದು. ಹೊದಿಕೆಯ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತು ಪಾದಗಳನ್ನು ನೋಡುವ ಜವಾಬ್ದಾರಿಯನ್ನು ನನಗೆ ವಹಿಸಲಾಗಿತ್ತು. ಒಮ್ಮೆ ಚಿಂಚೋಳಿ ತಾಲ್ಲೂಕಿನ ತೆಲುಗು ಗಡಿಯ ಹಳ್ಳಿಯೊಂದರ ಹೆಣ್ಣುಮಗಳು ಮೇಜಿನ ಮೇಲಿದ್ದರು. ನಮ್ಮ ಹಿರಿಯ ತಜ್ಞರಾದ ಡಾ. ವೀರಭದ್ರಪ್ಪನವರು ಸೇಡಂ ಕಡೆಯವರು. ಅವರ ಕೈ ಎಷ್ಟು ಮೆದುವೋ ಧ್ವನಿ ಅಷ್ಟೇ ಒರಟು.

"ಯವ್ವಾ, ಕಾಲು ಆಡಸವ್ವಾ," ಎಂದು ಕೂಗಿದರು. ಪಾದ ಅಲುಗಲಿಲ್ಲ. ಅರಿವಳಿಕೆ ತಜ್ಞೆ ಡಾ. ನಸೀಮಾ ಅವರು ಉರ್ದುವಿನಲ್ಲಿ, "ಪಾಂವ್ ಹಿಲಾವ್ ಅಮ್ಮಾ," ಎಂದರು. ಅದಕ್ಕೂ ಅಲುಗಲಿಲ್ಲ. ಡಾಕ್ಟರು ಮತ್ತೆ ಮೂರು ಸಲ ಕೂಗಿ, ಕಡೆಗೆ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ನಾನು ಗಡಿಯಾಚೆಯಿಂದ ಸೇಡಂ ಮೂಲಕ ಬರುವ ರೈಲಿನಲ್ಲಿ ಸಹಪ್ರಯಾಣಿಕರ ಜಗಳ ಕೇಳಿ ಒಂದಿಷ್ಟು ತೆಲುಗು ಕಲಿತಿದ್ದೆ. ಹೊದಿಕೆಯೊಳಗಿಂದಲೇ, "ಅಮ್ಮಾ, ಕಾಳ್ಳು ಕದಿಲಿಂಚು," ಎಂದೆ. ಎರಡೂ ಪಾದಗಳು ಒಟ್ಟಿಗೆ ಎದ್ದು ನನ್ನ ಕನ್ನಡಕವನ್ನು ಮೂಲೆಗೆ ಒದ್ದವು.

"ಮೊದಲ ಹೇಳಬೇಕಿಲ್ಲೇನ್ರಿ ಕಮಲಾಬಾಯಿ," ಎಂದರು ಡಾಕ್ಟರು. "ನನ್ನ ಎದಿ ಒಡೀತಿತ್ತಲ್ಲ."

"ನನಗೆಲ್ಲಿ ಕೇಳಿದ್ರಿ ಸರ್. ಆಕಿ ಕಾಲಿಗಷ್ಟ ಕೇಳಲಿಕತ್ತಿದ್ರಿ."

ತದನಂತರ ಯಂತ್ರ ಬಂತು. ಅದಕ್ಕೆ ಯಾವ ಭಾಷೆಯೂ ಬೇಕಾಗಿರಲಿಲ್ಲ. ಆದರೆ ಅದರ ಮುಂದೆ ಕೂರುವವರಿಗೆ ಬಾಯಿ ಬೇಕಾಗಿತ್ತು. ಪ್ರತಿ ಮಿಡಿತಕ್ಕೆ ರೋಗಿಯ ಮೈ ಹಾರುವುದರಿಂದ, ಗುಂಡಿ ಒತ್ತುವ ಮುನ್ನ "ಕೊಡ್ತೀನ್ರಿ" ಎಂದು ಕೂಗಬೇಕು, ತಜ್ಞರು ಕೈ ಎತ್ತಬೇಕು. ನಮ್ಮ ಡಾಕ್ಟರಿಗೆ ಇದು ಆಗಿಬರುತ್ತಿರಲಿಲ್ಲ. "ಬಸ್ ಕಂಡಕ್ಟರ್ ಹಂಗ ಐದು ನಿಮಿಷಕ್ಕೊಮ್ಮೆ ಹೊಯ್ಕೋತೀರಲ್ಲ," ಎನ್ನುವರು. "ಇಳಿಯೋರಿದ್ದಾರೇನು ನೋಡಬೇಕಲ್ಲರಿ ಸರ್," ಎನ್ನುವೆ. ಈ ಮಾತುಕತೆ ಹಲವು ವರ್ಷ ಬದಲಾವಣೆ ಇಲ್ಲದೆ ನಡೆದುಬಂದಿರುತ್ತದೆ.

ಒಂದು ದಿನ ಪರದೆಯ ಮೇಲಿನ ಎಲ್ಲ ಅಲೆಗಳೂ ಒಮ್ಮೆಲೇ ಮಲಗಿಬಿಟ್ಟವು. ನಾನು ಕೂಗಿದೆ. ಡಾಕ್ಟರು ಎರಡೂ ಕೈ ಮೇಲೆತ್ತಿ ನಿಂತರು. ಅರ್ಧ ತಾಸು ತಂತಿ, ಸೂಜಿ, ಪ್ಲಗ್ಗು ಎಲ್ಲವನ್ನೂ ಪರಿಶೀಲಿಸಲಾಯಿತು. ಆಮೇಲೆ ನಸೀಮಾ ಮೇಡಂ ಮೆಲ್ಲನೆ, "ಮೈ ಥೋಡಾ ಢೀಲಾ ಆಗಲಿ ಅಂತ ಒಂದು ಔಷಧ ಕೊಟ್ಟೀನಿ. ಹೇಳೂದು ಮರತೆ," ಎಂದರು. ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟರೆ ಯಾವ ಸ್ನಾಯುವೂ ಉತ್ತರಿಸುವುದಿಲ್ಲ. ಅಂದಿನಿಂದ ನಾನು ಕಿರಿಯರಿಗೆ ಹೇಳುತ್ತಿದ್ದುದು ಇಷ್ಟು: ಎಲ್ಲ ಅಲೆ ಹೋದರೆ ಅರಿವಳಿಕೆಯವರ ಮುಖ ನೋಡಿ, ಒಂದೇ ಅಲೆ ಹೋದರೆ ಶಸ್ತ್ರತಜ್ಞರ ಕೈ ನೋಡಿ. ನಮ್ಮ ಕೈಯನ್ನೂ ನೋಡಿಕೊಳ್ಳಬೇಕೆಂಬುದನ್ನು ನಾನು ತಡವಾಗಿ ಕಲಿತೆ. ಅದರ ವಿವರವೇ ಈ ಪತ್ರದ ಮುಖ್ಯ ಭಾಗ.

ಈ ಕೆಲಸದಲ್ಲಿ ಎಡ ಮತ್ತು ಬಲ ಬಹಳ ಕಾಡುತ್ತವೆ. ಅಂಗಾತ ಮಲಗಿದ ರೋಗಿಯ ಪಾದದ ಬಳಿ ನಿಂತರೆ ಅವರ ಬಲಗಾಲು ನಮ್ಮ ಎಡಕ್ಕಿರುತ್ತದೆ. ಬೆನ್ನಿನ ಶಸ್ತ್ರಚಿಕಿತ್ಸೆಗೆ ಅವರನ್ನು ಬೋರಲು ಮಲಗಿಸಿದ ಕೂಡಲೇ ಬಲಗಾಲು ನಮ್ಮ ಬಲಕ್ಕೆ ಬರುತ್ತದೆ. ಆದ್ದರಿಂದ ನಾನು ನನ್ನದೇ ಒಂದು ಪದ್ಧತಿ ರೂಪಿಸಿಕೊಂಡಿದ್ದೆ. ಹಿಂದಿನ ದಿನವೇ ವಾರ್ಡಿಗೆ ಹೋಗಿ ರೋಗಿಯ ಕಾಲಿನ ಒಂದು ಗುರುತು ಬರೆದಿಟ್ಟುಕೊಳ್ಳುವುದು: ಹಚ್ಚೆ, ಸುಟ್ಟ ಕಲೆ, ಕಟ್ಟಿದ ದಾರ. ಎಡ ಬಲ ನಾವು ನಿಂತ ಜಾಗದ ಮೇಲೆ ಬದಲಾಗುತ್ತವೆ, ಗುರುತು ಬದಲಾಗುವುದಿಲ್ಲ ಎಂದು ಬೋಧಿಸುತ್ತಿದ್ದೆ. ಹಲವರು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಸದರಿ ಪುಟವನ್ನು ಹರಿದು ಹಾಕತಕ್ಕದ್ದು.

ನನ್ನ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದಾಗ ಶಹಾಬಾದದ ಹಣಮಂತ ಎಂಬುವರು ದಾಖಲಾದರು. ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಅವರ ಕೆಲಸ. ಬೆನ್ನುಹುರಿಯ ಬಲಬದಿಯಲ್ಲಿ ಗಡ್ಡೆ ಬೆಳೆದು ಬಲಗಾಲು ಸೋತಿತ್ತು. ಎಡಗಾಲು ಚೆನ್ನಾಗಿತ್ತು. ಹಿಂದಿನ ದಿನ ನಾನು ವಾರ್ಡಿಗೆ ಹೋಗಿ ಅವರ ಕಾಲುಗಳನ್ನು ಸ್ಪಿರಿಟ್ಟಿನಿಂದ ಉಜ್ಜತೊಡಗಿದೆ. ವರ್ಷಗಟ್ಟಲೆ ಕಲ್ಲಿನ ಪುಡಿಯ ನೀರಿನಲ್ಲಿ ನಿಂತ ಕಾಲುಗಳಾದ್ದರಿಂದ ಹತ್ತಿ ಬೂದಿ ಬಣ್ಣಕ್ಕೆ ತಿರುಗುತ್ತಲೇ ಇತ್ತು.

"ಅಕ್ಕೋರೆ, ಪಾಲಿಶ್ ಮಾಡೂದು ನನ್ನ ಕೆಲಸರಿ," ಎಂದರು ಹಣಮಂತ. "ನೀವು ಹಿಂಗ ತಿಕ್ಕಿದ್ರ ಎಡ್ಜ್ ಹಾಳಾಗತದ. ನೀರು ಬಿಡ್ಕೋತ ತಿಕ್ಕಬೇಕು."

"ಸುಮ್ಮ ಮಲಗ್ರಿ. ನಿಮ್ಮ ಕಾರ್ಖಾನಿ ಅರ್ಧಾ ಈ ಕಾಲಾಗೇ ಅದ."

ಪಕ್ಕದಲ್ಲಿದ್ದ ಅವರ ಪತ್ನಿ ಶಾಂತಮ್ಮ, "ಮನ್ಯಾಗ ಹೇಳಿ ಹೇಳಿ ಸಾಕಾಗಿತ್ರಿ, ಈಗರೇ ಯಾರೋ ತೊಳದ್ರಲ್ಲ," ಎಂದರು.

ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಿಂದೊಮ್ಮೆ ಫರಸಿ ಬಿದ್ದು ಹೋಯಿತೆಂದು ತಿಳಿಸಿದರು. ಅದೇ ಬಲಗಾಲಿನ ಕಣಕಾಲಿಗೆ ಶಾಂತಮ್ಮ ಕರಿದಾರ ಕಟ್ಟಿದ್ದರು. ನಾನು ಪುಸ್ತಕದಲ್ಲಿ "ದಾರದ ಕಾಲು, ಬಲ, ದುರ್ಬಲ" ಎಂದು ನಮೂದಿಸಿ ಎದ್ದೆ. ಆಗ ಹಣಮಂತ ತಮಾಷೆ ಬಿಟ್ಟು ಮಾತಾಡಿದರು.

"ಅಕ್ಕೋರೆ, ಬಲಗಾಲು ಹೋದ್ರ ಹೋಗಲಿ. ಎಡಗಾಲ ಮ್ಯಾಲ ಭಾರ ಹಾಕಿ ಮಷಿನ್ ಹಿಡೀತೀನಿ, ಈಗೂ ಹಂಗೇ ಹಿಡ್ಯಾಕತ್ತೀನಿ. ಅದೊಂದು ಹೋಯ್ತಂದ್ರ ಕುಂತಲ್ಲೇ ಕುಂದ್ರಬೇಕು. ಅದೊಂದು ಕಾಯ್ರಿ."

"ಕಾಯ್ತೀನಿ," ಎಂದೆ.

ಮಾರನೆಯ ಮುಂಜಾನೆ ನಮ್ಮ ರೈಲು ವಾಡಿಯ ಹೊರಗೆ ಸಿಗ್ನಲ್ ಸಿಗದೆ ನಿಂತುಕೊಂಡಿತು. ಇದರಲ್ಲಿ ಹೊಸದೇನೂ ಇಲ್ಲವಾದ್ದರಿಂದ ಇದನ್ನು ಕಾರಣವೆಂದು ನಮೂದಿಸುತ್ತಿಲ್ಲ. ನಾನು ಕೊಠಡಿಗೆ ಬಂದಾಗ ಹಣಮಂತ ಅವರಿಗೆ ಅರಿವಳಿಕೆ ಕೊಟ್ಟು, ಬೋರಲು ಮಲಗಿಸಿ, ಹೊದಿಕೆ ಹಾಕಿಯಾಗಿತ್ತು. ಅಂಗಾತ ಇರುವಾಗಲೇ ಸೂಜಿ ಹಾಕಬೇಕೆಂಬ ನಿಯಮ ಅಂದು ಪಾಲನೆಯಾಗಲಿಲ್ಲ.

"ಬರ್ರಿ, ಬರ್ರಿ," ಎಂದರು ಡಾಕ್ಟರು. "ವಾಡಿ ಸಿಗ್ನಲ್ ಈಗ ಬಿತ್ತೇನು?"

ನಾನು ಹೊದಿಕೆಯ ಕೆಳಗೆ ಕೈ ಹಾಕಿದೆ. ಒಂದು ಕಣಕಾಲಿನಲ್ಲಿ ದಾರ ಕೈಗೆ ಸಿಕ್ಕಿತು. ಅದರ ಮೇಲೆ ನರ್ಸ್ ಬಿಳಿ ಪಟ್ಟಿ ಅಂಟಿಸಿದ್ದರು. ಅವಸರದಲ್ಲಿ ಸೂಜಿಗಳನ್ನು ಹಾಕಿ, ದಾರದ ಕಾಲಿನ ತಂತಿಗಳನ್ನು "ಬಲ" ಎಂದು ಬರೆದ ಕಡೆಗೂ, ಇನ್ನೊಂದರ ತಂತಿಗಳನ್ನು "ಎಡ" ಎಂದು ಬರೆದ ಕಡೆಗೂ ಜೋಡಿಸಿದೆ. ಮೊದಲ ಮಿಡಿತ ಕೊಟ್ಟೆ. ಬಲದ ಅಲೆ ಎತ್ತರಕ್ಕೆ ಎದ್ದಿತು. ಎಡದ ಅಲೆ ಗಿಡ್ಡವಾಗಿತ್ತು.

"ಸರ್, ಬಲಗಾಲು ಭಾಳ ಚಲೋ ಉತ್ತರ ಕೊಡಾಕತ್ತದ," ಎಂದೆ.

"ಸೋತ ಕಾಲು? ಭೇಷ್. ಹಂಗಾದ್ರ ನರ ಜೀವಂತ ಅದ."

ನಸೀಮಾ ಮೇಡಂ ಪರದೆಯ ಕಡೆ ಬಗ್ಗಿ ನೋಡಿದರು. "ಎಡಗಾಲು ಯಾಕ ಇಷ್ಟು ಸಣ್ಣಗದ? ನಿನ್ನೆ ಅದೇ ಚಲೋ ಇತ್ತು ಅಂದ್ರಲ್ಲ."

"ಸೂಜಿ ಸರಿ ಕೂತಿಲ್ಲರಿ ಮೇಡಂ. ಕಾಲು ಥಂಡಿನೂ ಅದ."

ಈ ಉತ್ತರವನ್ನು ನಾನು ಯಾವುದೇ ಪರಿಶೀಲನೆ ಇಲ್ಲದೆ ನೀಡಿರುತ್ತೇನೆ. ಅವರು ನನ್ನ ಮುಖ ನೋಡಿ, "ನಿಮ್ಮ ಮರ್ಜಿ," ಎಂದು ತಮ್ಮ ಕೆಲಸಕ್ಕೆ ತಿರುಗಿದರು.

ಎರಡು ತಾಸು ಎಲ್ಲವೂ ಸುಗಮವಾಗಿ ನಡೆಯಿತು. ಗಡ್ಡೆಯ ಹೆಚ್ಚಿನ ಭಾಗ ಹೊರಬಂದಿತ್ತು. ಆಗ ಬಲದ ಅಲೆ ಅರ್ಧಕ್ಕೆ ಇಳಿಯಿತು. ಮುಂದಿನ ಮಿಡಿತಕ್ಕೆ ಬಹುತೇಕ ಮಲಗಿತು.

"ಸರ್, ಬಲಗಾಲು ಹೋಗ್ಲಿಕತ್ತದ."

ಡಾಕ್ಟರು ಕೈ ತೆಗೆದರು. ಬಲಬದಿಯಲ್ಲಿ ಗಡ್ಡೆಯನ್ನು ಎಳೆಯುವುದನ್ನು ನಿಲ್ಲಿಸಿ ಕಾದರು. ಅಲೆ ಏಳಲಿಲ್ಲ. ಮತ್ತೆ ಕಾದರು. ಕಡೆಗೆ ಉಸಿರು ಬಿಟ್ಟು, "ಆ ಕಾಲು ಮೊದಲೇ ಸೋತದ್ದು," ಎಂದರು. "ಗಂಟು ಒಂದೀಟು ಉಳಿದದ. ಇವತ್ತ ಪೂರಾ ತೆಗದ್ರ ಮತ್ತ ಬೆಳ್ಯೂದಿಲ್ಲ. ಎಡಗಾಲು ಹೆಂಗದ?"

"ಹಂಗೇ ಅದರಿ. ಸಣ್ಣಗದ, ಖರೆ ಕಡಿಮಿ ಆಗಿಲ್ಲ."

"ಹಂಗಾದ್ರ ಮುಂದ ಹೋಗ್ತೀನಿ."

ಅವರ ನಿರ್ಧಾರ ಸರಿಯಾಗಿಯೇ ಇತ್ತು. ನಾನು ಕೊಟ್ಟ ಮಾಹಿತಿಯ ಆಧಾರದ ಮೇಲೆ ಯಾವ ತಜ್ಞರಾದರೂ ಅದನ್ನೇ ಮಾಡುತ್ತಿದ್ದರು. ಆದರೆ ನನ್ನ ಬಾಯಿಂದ ಬಂದ ಮಾತೇ ನನ್ನನ್ನು ಚುಚ್ಚಿತು. ಸರಿಯಾಗಿ ಕೂರದ ಸೂಜಿಯ ಅಲೆ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಎಡದ ಅಲೆ ಎರಡು ತಾಸಿನಿಂದ ಒಂದೇ ಅಳತೆಯಲ್ಲಿ ನಿಂತಿತ್ತು. ಸೂಜಿ ಸರಿಯಾಗಿಯೇ ಕೂತಿತ್ತು. ಹಾಗಾದರೆ ಆ ಕಾಲೇ ದುರ್ಬಲವಾಗಿತ್ತು.

"ಸರ್, ಎರಡು ನಿಮಿಷ ಕೊಡ್ರಿ."

"ಈಗೇನು ಕಮಲಾಬಾಯಿ?"

"ಕಾಲು ನೋಡಬೇಕ್ರಿ."

"ಕಾಲು ಎಲ್ಲಿ ಹೋಗ್ತಾವು, ಅಲ್ಲೇ ಅವ," ಎಂದು ಗೊಣಗಿದರು. ಆದರೂ ಕೈ ಎತ್ತಿ ನಿಂತರು.

ನಾನು ಮೊಣಕಾಲೂರಿ ಹೊದಿಕೆಯ ಕೆಳಗೆ ತೂರಿದೆ. ಟಾರ್ಚು ಹಿಡಿದು ಎರಡೂ ಪಾದಗಳನ್ನು ನೋಡಿದೆ. ದಾರ ಕಟ್ಟಿದ ಕಾಲಿನ ಹೆಬ್ಬೆರಳಿಗೆ ಉಗುರಿತ್ತು. ದಾರವಿಲ್ಲದ ಕಾಲಿನ ಹೆಬ್ಬೆರಳು ಬೋಳಾಗಿತ್ತು. ದಾರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗಿತ್ತು. ಪರದೆಯ ಮೇಲೆ ಬಲವೆಂದು ಮಲಗಿದ್ದು ಎಡಗಾಲು. ಕಾಯುತ್ತೇನೆಂದು ನಾನು ಒಪ್ಪಿಕೊಂಡಿದ್ದ ಕಾಲನ್ನೇ, ನಾನು ಕೊಟ್ಟ ಮಾತಿನ ಮೇಲೆ, ಡಾಕ್ಟರು ಬಿಟ್ಟುಕೊಡಲು ಹೊರಟಿದ್ದರು.

ಹೊದಿಕೆಯ ಕೆಳಗೆ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ತಂತಿಗಳ ಪೆಟ್ಟಿಗೆ ಕೈಗೆಟಕುವಂತೆಯೇ ಇತ್ತು. ನಾಲ್ಕು ಪ್ಲಗ್ಗು ಅದಲುಬದಲು ಮಾಡಿ ಹೊರಬಂದು, "ಈಗ ಎಡಗಾಲೂ ಇಳೀತು, ನಿಲ್ಲಿಸ್ರಿ," ಎಂದರೆ ಅವರು ನಿಲ್ಲಿಸುತ್ತಿದ್ದರು. ನನ್ನ ಹೆಸರಿಗೆ ಕಲೆ ಬರುತ್ತಿರಲಿಲ್ಲ, ನಿವೃತ್ತಿಯ ದಿನ ಹಾರ ಹಾಕುವವರು ಇದೊಂದನ್ನು ನೆನೆಸುತ್ತಲೂ ಇರಲಿಲ್ಲ. ಈ ಆಲೋಚನೆ ನನಗೆ ಬಂದಿತ್ತೆಂದು ಇಲ್ಲಿ ದಾಖಲಿಸುತ್ತಿದ್ದೇನೆ. ಆದರೆ ಅಲೆ ಇಳಿಯಲು ಆರಂಭಿಸಿದ ಸಮಯ ಡಾಕ್ಟರಿಗೆ ತಿಳಿಯಬೇಕಿತ್ತು. ಆ ಸಮಯದಲ್ಲಿ ಎಡಬದಿಯಲ್ಲಿ ತಾವು ಮಾಡಿದ್ದೇನೆಂದು ಅವರು ನೆನಪಿಸಿಕೊಳ್ಳಬೇಕಿತ್ತು. ಸುಳ್ಳು ಹೇಳಿದರೆ ಅವರು ಈಗಷ್ಟೇ ಮಾಡಿದ್ದನ್ನು ಹುಡುಕುತ್ತಿದ್ದರು.

"ಸರ್," ಎಂದೆ, ಹೊದಿಕೆಯೊಳಗಿಂದಲೇ. "ಹೋಗಿದ್ದು ಎಡಗಾಲು. ಮುಂಜಾನಿಯಿಂದ ನಾ ಎಡಾ ಬಲಾ ಉಲ್ಟಾ ಹಾಕೀನಿ. ತಪ್ಪು ನಂದು."

ನಾನು ಹೊರಗೆ ತಲೆ ಹಾಕಿದಾಗ ಡಾಕ್ಟರು ಆಗಲೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದರು.

"ಯಾವಾಗಿಂದ ಇಳೀತು?"

"ಇಪ್ಪತ್ತು ನಿಮಿಷದಿಂದರಿ."

"ಎಡಕ್ಕ ಹತ್ತಿ ಇಟ್ಟಿದ್ದೆ ಆಗ," ಎಂದು ತಮಗೆ ತಾವೇ ಹೇಳಿಕೊಂಡರು. ಬೆನ್ನುಹುರಿಯ ಎಡಬದಿಯಲ್ಲಿ ಆಸರೆಗೆಂದು ಇಟ್ಟಿದ್ದ ಹತ್ತಿಯ ಸಣ್ಣ ತುಂಡು ಹುರಿಯನ್ನು ಒತ್ತುತ್ತಿತ್ತು. ಅದನ್ನು ತೆಗೆದರು. ಬೆಚ್ಚಗಿನ ಸಲೈನ್ ಹನಿಸಿದರು. "ನಸೀಮಾ, ಬಿ.ಪಿ. ಸ್ವಲ್ಪ ಏರಿಸ್ರಿ."

"ಏರಿಸಾಕತ್ತೀನಿ."

ಮಿಡಿತ ಕೊಟ್ಟೆ. ಗೆರೆ ಮಲಗಿಯೇ ಇತ್ತು. ಐದು ನಿಮಿಷ ಬಿಟ್ಟು ಮತ್ತೆ ಕೊಟ್ಟೆ. ಹಾಗೆಯೇ ಇತ್ತು. ಅಂದು "ಕೊಡ್ತೀನ್ರಿ" ಎಂದು ಕೂಗಿದಾಗ ಕಂಡಕ್ಟರ್ ಎಂದು ಯಾರೂ ಅಣಕಿಸಲಿಲ್ಲ. ನಾಲ್ಕನೆಯ ಸಲಕ್ಕೆ ಗೆರೆಯಲ್ಲಿ ಒಂದು ಸಣ್ಣ ಉಬ್ಬು ಕಂಡಿತು. ಧೂಳೋ ಎಂದು ಪರದೆಯನ್ನು ಗೌನಿನ ತೋಳಿನಿಂದ ಒರೆಸಿದೆ. ಉಬ್ಬು ಹೋಗಲಿಲ್ಲ. ಅರ್ಧ ತಾಸಿನಲ್ಲಿ ಅದು ಮುಂಜಾನೆಯ ಅಲೆಯ ಅರ್ಧದಷ್ಟಾಯಿತು. ಅದಕ್ಕಿಂತ ಮೇಲೇರಲಿಲ್ಲ. ಡಾಕ್ಟರು ಹುರಿಗೆ ಅಂಟಿಕೊಂಡಿದ್ದ ಗಡ್ಡೆಯ ಒಂದು ಚೂರನ್ನು ಹಾಗೆಯೇ ಬಿಟ್ಟು ಹೊಲಿಗೆ ಹಾಕಿದರು.

ಕೈ ತೊಳೆಯುವಲ್ಲಿ ನನ್ನ ಪಕ್ಕ ನಿಂತು, "ಈ ದಾರದ ಶಾಸ್ತ್ರ ಯಾವ ಯುನಿವರ್ಸಿಟಿದ್ರಿ ಕಮಲಾಬಾಯಿ?" ಎಂದರು.

"ನನ್ನದೇರಿ. ಇವತ್ತ ಬಂದ್ ಆಯ್ತು."

"ಅರ್ಧಾ ಅಲೆ ಬಂದದ. ಅರ್ಧಾ ಅಲೆಗೆ ಕಾಲು ಏಳತದೋ ಇಲ್ಲೋ ನಾಳೆ ಗೊತ್ತಾಗತದ. ಎದ್ದರೂ ಏಳದಿದ್ದರೂ ಅವನಿಗೆ ನೀವೇ ಹೇಳ್ರಿ." ಬೈಗುಳ ಅಷ್ಟಕ್ಕೇ ಮುಗಿಯಿತು. ಇನ್ನಷ್ಟು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೊರಗೆ ಶಾಂತಮ್ಮ ಬೆಂಚಿನ ಮೇಲೆ ಕುಳಿತಿದ್ದರು. ದಾರ ಕಾಲು ಬದಲಿಸಿದ್ದು ಹೇಗೆಂದು ಕೇಳಿದೆ. ಮುಂಜಾನೆ ನರ್ಸ್ ನಿಯಮದಂತೆ ದಾರ ಬಿಚ್ಚಿಸಿದ್ದರಂತೆ. ಇವರು ಕೈಕಾಲು ಬಿದ್ದು ಒಪ್ಪಿಸಿ ಮತ್ತೆ ಕಟ್ಟಿದರಂತೆ.

"ಮತ್ತ ಎಡಗಾಲಿಗ್ಯಾಕ ಕಟ್ಟಿದ್ರಿ?"

"ಅಲ್ರಿ ಅಕ್ಕೋರೆ, ಸೋತ ಕಾಲು ನೋಡಲಿಕ್ಕ ಇಷ್ಟು ಮಂದಿ ಡಾಕ್ಟರ್ ಇದ್ದೀರಿ. ಚಲೋ ಕಾಲು ನೋಡವರ್ಯಾರು? ಅದನ್ನ ದೇವರು ನೋಡ್ಲಿ ಅಂತ ಕಟ್ಟಿದೆ."

ಇದರಲ್ಲಿ ತಪ್ಪು ಹುಡುಕಲು ನನ್ನಿಂದ ಸಾಧ್ಯವಾಗಲಿಲ್ಲ. ಆ ದಾರ ನೋಡಿ ನಾನು ತಂತಿ ಜೋಡಿಸಿದ್ದನ್ನೂ, ಎಡಗಾಲಿಗೆ ಪೆಟ್ಟು ಬಿದ್ದಿರಬಹುದೆಂಬುದನ್ನೂ ಅವರಿಗೆ ತಿಳಿಸಿದೆ.

"ಇಷ್ಟು ದೊಡ್ಡ ಮಷಿನ್ ಇಟ್ಕೊಂಡು ನನ್ನ ದಾರ ನೋಡಿದ್ರೇನು?" ಎಂದರು. "ಮೊದಲ ಹೇಳಿದ್ರ ನಾ ಕಟ್ಟತಿದ್ದಿಲ್ಲಲ್ಲರಿ." ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ನಾನು ಅವರ ಪಕ್ಕದಲ್ಲೇ ಕುಳಿತೆ. ಆ ದಿನದ ಸಂಜೆಯ ರೈಲು ನನ್ನನ್ನು ಬಿಟ್ಟು ಹೋಯಿತು.

ಮಾರನೆಯ ಬೆಳಿಗ್ಗೆ ಹಣಮಂತ ಪೂರ್ತಿ ಎಚ್ಚರವಾಗಿದ್ದರು. ಡಾಕ್ಟರು, ನಸೀಮಾ ಮೇಡಂ ಹಾಗೂ ನಾನು ಅವರ ಹಾಸಿಗೆಯ ಪಾದದ ಕಡೆ ನಿಂತೆವು. ಶಾಂತಮ್ಮ ತಲೆಯ ಕಡೆ ಇದ್ದರು, ಗಂಡನಿಗೆ ಇನ್ನೂ ಏನನ್ನೂ ಹೇಳಿರಲಿಲ್ಲ.

"ಎಡಗಾಲು ಎತ್ತಪಾ," ಎಂದರು ಡಾಕ್ಟರು.

ಚಾದರದ ಕೆಳಗೆ ಎಡಗಾಲು ಅಲುಗಲಿಲ್ಲ. ಅದರ ಬದಲು ಬಲಗಾಲು ನಡುಗುತ್ತಾ ಎರಡು ಬೆರಳಿನಷ್ಟು ಎದ್ದು ಬಿತ್ತು. ಶಾಂತಮ್ಮ ಕಣ್ಣು ಮುಚ್ಚಿಕೊಂಡರು. ನಸೀಮಾ ಮೇಡಂ ನನ್ನ ಮುಂಗೈ ಹಿಡಿದರು.

"ಎಡಗಾಲು ಹಣಮಂತ," ಎಂದರು ಡಾಕ್ಟರು. ಆ ಧ್ವನಿಯನ್ನು ಅಷ್ಟು ಮೆತ್ತಗೆ ನಾನು ಹಿಂದೆ ಕೇಳಿರಲಿಲ್ಲ. "ಎಡಗಾಲು ಏಳಾಕತ್ತಿಲ್ಲೇನು?"

"ಕೇಳಿಸ್ತರಿ ಸಾಹೇಬ್ರ. ಸೋತದ್ದು ಏಳತದೇನು ಅಂತ ಮೊದಲ ಅದನ್ನ ನೋಡಿದೆ." ಹೀಗೆ ಹೇಳಿ ಎಡಗಾಲನ್ನು ಮೆಲ್ಲಗೆ, ಮೊಣಕಾಲು ಮಡಚಿ, ಚಾದರ ಜಾರುವವರೆಗೂ ಎತ್ತಿದರು. "ಎಡಗಾಲಿಂದೇನು ಚಿಂತಿ? ಅದು ಚಲೋನೇ ಇತ್ತಲ್ಲ."

ಡಾಕ್ಟರು ನನ್ನ ಕಡೆ ನೋಡಿ, ಸ್ಟೂಲನ್ನು ಕಾಲಿನಿಂದ ನನ್ನತ್ತ ತಳ್ಳಿ ಹೊರಟುಹೋದರು. ನಾನು ಕುಳಿತು ಎಲ್ಲವನ್ನೂ ಹೇಳಿದೆ. ರೈಲು ತಡವಾಗಿದ್ದನ್ನು ಬಿಟ್ಟು ಬೇರೇನನ್ನೂ ಬಿಡಲಿಲ್ಲ. ಹಣಮಂತ ಹಾಸ್ಯ ಮಾಡಲಿಲ್ಲ, ಬೈಯಲೂ ಇಲ್ಲ. ನಾನು ಮುಗಿಸಿದ ಮೇಲೆ ತಮ್ಮ ಎಡ ತೊಡೆಯ ಮೇಲೆ ಅಂಗೈ ಇಟ್ಟುಕೊಂಡರು. ಬಳಿಕ, ಯಾರೂ ಹೇಳದಿದ್ದರೂ, ಆ ಕಾಲನ್ನು ಇನ್ನೊಮ್ಮೆ ಎತ್ತಿ ನೋಡಿಕೊಂಡರು.

ಇದು ತಮ್ಮ ಮಾಹಿತಿಗಾಗಿ ಮತ್ತು ಮುಂದಿನ ಎಚ್ಚರಿಕೆಗಾಗಿ.

ಲಗತ್ತು: ಇಲ್ಲ. ಸದರಿ ದಿನದ ಅಲೆಗಳ ಮುದ್ರಿತ ಹಾಳೆ ಆಸ್ಪತ್ರೆಯ ಕಡತದಲ್ಲಿರುತ್ತದೆ. ಅದರ ಮೇಲೆ ಎಡವನ್ನು ಬಲವೆಂದೂ ಬಲವನ್ನು ಎಡವೆಂದೂ ಕೆಂಪು ಶಾಯಿಯಲ್ಲಿ ತಿದ್ದಿರುವ ಕೈಬರಹ ನನ್ನದೇ ಆಗಿರುತ್ತದೆ.

(ಕಮಲಾಬಾಯಿ)